ಅಕ್ಕಪಕ್ಕದ ದೇಶಗಳು ಸೇರಿ ಪರಿಸರ ನೀತಿ ಮಾಡಿದ್ದು ಕೆಲವು ಕಡೆ ಕೆಲಸ ಮಾಡಿತು, ಕೆಲವು ಕಡೆ ಕಾಗದದಲ್ಲೇ ಉಳೀತು. ಯಾಕೆ?

ನದಿಪಾತ್ರ:
ಗಾಳಿಗೂ ನೀರಿಗೂ ಗಡಿ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಅದನ್ನು ಬಿಟ್ಟು ಮುಂದಿನದು ಕೇಳ್ತೀನಿ.

ಮೂರು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1979ರಲ್ಲಿ ಜಿನೀವಾದಲ್ಲಿ ಯುರೋಪಿನ ದೇಶಗಳು, ಜೊತೆಗೆ ಅಮೆರಿಕ ಮತ್ತು ಕೆನಡಾ, ಗಡಿ ದಾಟುವ ವಾಯುಮಾಲಿನ್ಯದ ಒಪ್ಪಂದಕ್ಕೆ ಸಹಿ ಹಾಕಿದವು. 1998ರಲ್ಲಿ ದಕ್ಷಿಣ ಏಷ್ಯಾದ ಏಳು ದೇಶಗಳು ಇರಾನ್ ಜೊತೆ ಸೇರಿ ಮಾಲೆ ಘೋಷಣೆ ಮಾಡಿದವು. 2002ರಲ್ಲಿ ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್‌ನ ದೇಶಗಳು ಕಾಡುಬೆಂಕಿ ಹೊಗೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. ಮೂರೂ ಗಾಳಿಗೆ ಸಂಬಂಧಿಸಿದ್ದೇ. ಮೊದಲನೆಯದರಿಂದ ಗಂಧಕದ ಮಾಲಿನ್ಯ ಕಣ್ಣಿಗೆ ಕಾಣುವಷ್ಟು ಇಳೀತು. ಮೂರನೆಯದಕ್ಕೆ ಸಹಿ ಬಿದ್ದ ಮೇಲೂ 2015ರಲ್ಲಿ ಆಕಾಶ ಮತ್ತೆ ಹಳದಿ ಆಯ್ತು. ಮಾಲೆ ಘೋಷಣೆಯ ಹೆಸರು ಕೇಳಿದವರೇ ಕಡಿಮೆ.

ವ್ಯತ್ಯಾಸ ಎಲ್ಲಿದೆ? ದುಡ್ಡಿನಲ್ಲಾ, ಕೋರ್ಟಿನಲ್ಲಾ, ವಿಜ್ಞಾನದಲ್ಲಾ? "ರಾಜಕೀಯ ಇಚ್ಛಾಶಕ್ತಿ ಇಲ್ಲ" ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ ದಯವಿಟ್ಟು. ಆ ಇಚ್ಛಾಶಕ್ತಿ ಎಲ್ಲಿಂದ ಹುಟ್ಟುತ್ತೆ ಅನ್ನೋದೇ ನನ್ನ ಪ್ರಶ್ನೆ.

ಕಟಕಟೆ:
ಕೋರ್ಟು. ದಂಡ ಹಾಕೋ ಅಧಿಕಾರ ಯಾರಿಗೂ ಇಲ್ಲದ ಒಪ್ಪಂದ ಬರೀ ಮಾತು.

ಮಾಪಕ:
@ಕಟಕಟೆ, ಒಪ್ಪಲ್ಲ. ಮೇಲೆ ಹೇಳಿದ 1979ರ ಒಪ್ಪಂದದಲ್ಲಿ ದಂಡ ಹಾಕೋ ಕೋರ್ಟು ಎಲ್ಲಿದೆ? ಇಲ್ಲ. ಮೂಲ ಪಠ್ಯದಲ್ಲಿ ಎಷ್ಟು ಕಡಿತ ಮಾಡಬೇಕು ಅನ್ನೋ ಸಂಖ್ಯೆ ಕೂಡ ಇರಲಿಲ್ಲ. ಆದರೂ ಕೆಲಸ ಮಾಡಿತು. ಅಲ್ಲಿ ಏನಾಯ್ತು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಉತ್ತರ ಅದರೊಳಗೇ ಇದೆ ಅನ್ನೋದು ನನ್ನ ಅಭಿಪ್ರಾಯ.

ಯುದ್ಧದ ನಂತರ ಬ್ರಿಟನ್‌ನಲ್ಲಿ ಕಲ್ಲಿದ್ದಲು ಸ್ಥಾವರಗಳಿಗೆ ಎತ್ತರದ ಚಿಮಣಿ ಕಟ್ಟಿದರು. ಡ್ರಾಕ್ಸ್ ಸ್ಥಾವರದ್ದು 259 ಮೀಟರ್. ಸುತ್ತಲಿನ ಊರುಗಳ ಗಾಳಿ ಸುಧಾರಿಸಿತು, ಗಂಧಕ ಮಾತ್ರ ಮೇಲಿನ ಗಾಳಿಗೆ ಸೇರಿ ಉತ್ತರ ಸಮುದ್ರ ದಾಟಿ ಹೋಗಿ ಆಮ್ಲಮಳೆಯಾಗಿ ಬಿತ್ತು. ನಾರ್ವೆ, ಸ್ವೀಡನ್ನಿನ ಕೆರೆಗಳಲ್ಲಿ ಮೀನು ಸಾಯೋಕೆ ಶುರುವಾಯ್ತು. ಅಲ್ಲಿನ ಬಂಡೆ ಗ್ರಾನೈಟ್, ಮಣ್ಣು ತೆಳು, ಆಮ್ಲವನ್ನು ತಟಸ್ಥ ಮಾಡೋ ಸುಣ್ಣದ ಅಂಶ ಇಲ್ಲ. 1967ರಲ್ಲಿ ಸ್ವಾಂಟೆ ಓಡೆನ್ ಅನ್ನೋ ಸ್ವೀಡಿಷ್ ಮಣ್ಣುವಿಜ್ಞಾನಿ ಇದು ಹೊರದೇಶದಿಂದ ಬರ್ತಿರೋ ಆಮ್ಲ ಅಂತ ದಿನಪತ್ರಿಕೆಯಲ್ಲೇ ಬರೆದರು. ಕಳಿಸ್ತಿದ್ದ ದೇಶಗಳು ನಂಬಲಿಲ್ಲ.

ಆಗ ಜಗಳ ಮುಂದುವರಿಸೋ ಬದಲು ಒಂದು ಕೆಲಸ ಮಾಡಿದರು. 1972ರಿಂದ 77ರವರೆಗೆ ಒಇಸಿಡಿ (ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) ಅಡಿಯಲ್ಲಿ 11 ದೇಶಗಳು ಸೇರಿ ಒಂದೇ ವಿಧಾನದಲ್ಲಿ ಅಳೆದರು. ಅಪರಾಧಿ ಅನ್ನಿಸಿಕೊಂಡ ದೇಶದ ವಿಜ್ಞಾನಿಗಳೂ ಅದರಲ್ಲಿದ್ದರು. ವರದಿ ಬಂದಾಗ ಸ್ಕ್ಯಾಂಡಿನೇವಿಯಾದಲ್ಲಿ ಬೀಳೋ ಗಂಧಕದ ಹೆಚ್ಚಿನ ಪಾಲು ಹೊರಗಿನದು ಅನ್ನೋದನ್ನು ಅಲ್ಲಗಳೆಯೋಕೆ ಯಾರಿಗೂ ದಾರಿ ಉಳಿಯಲಿಲ್ಲ. ಅವರದೇ ಸಹಿ ಅದರ ಮೇಲಿತ್ತಲ್ಲ. ಈ ಅಳತೆಯ ಜಾಲವೇ ಮುಂದೆ ಇಎಂಇಪಿ ಅನ್ನೋ ಯುರೋಪಿನ ಜಂಟಿ ಅಳತೆ ಕಾರ್ಯಕ್ರಮ ಆಯ್ತು. ಒಪ್ಪಂದದ ಅಡಿಯಲ್ಲಿ ಬಂದ ಮೊಟ್ಟಮೊದಲ ಪ್ರೋಟೋಕಾಲ್ (ಉಪ ಒಪ್ಪಂದ) ಕಡಿತದ್ದಲ್ಲ. 1984ರದು, ಅಳತೆಯ ಖರ್ಚನ್ನು ಯಾರು ಎಷ್ಟು ಕೊಡಬೇಕು ಅನ್ನೋದು. ಒಂದು ವರ್ಷ ಬಿಟ್ಟು 1985ರಲ್ಲಿ ಶೇಕಡಾ 30 ಕಡಿತದ ಪ್ರೋಟೋಕಾಲ್. ಈ ಅನುಕ್ರಮ ಗಮನಿಸಿ.

ಹಳೇಗಡಿಯಾರ:
ಬಹಳ ಒಳ್ಳೆ ಬರಹ @ಮಾಪಕ. ಆದರೆ 1985ರದಕ್ಕೆ ಬ್ರಿಟನ್ ಸಹಿ ಹಾಕಲೇ ಇಲ್ಲ, ಪೋಲೆಂಡೂ ಇಲ್ಲ. ಎಲ್ಲರೂ ಒಪ್ಪಿದರು ಅನ್ನೋ ಭಾವನೆ ಬರಬಾರದು.

ಲೆಕ್ಕಪತ್ರ:
ಅಳತೆಯಿಂದಲೇ ದೇಶಗಳು ಬದಲಾಗ್ತವೆ ಅನ್ನೋದು ನಂಬೋಕಾಗಲ್ಲ ರೀ. ಪಶ್ಚಿಮ ಜರ್ಮನಿಯನ್ನೇ ನೋಡಿ. 77ರಲ್ಲೇ ಅಂಕಿಅಂಶ ಕೈಯಲ್ಲಿತ್ತು. 79ರಲ್ಲಿ ಮಾತುಕತೆ ನಡೆಯುವಾಗ ಬ್ರಿಟನ್ ಜೊತೆ ಸೇರಿ ಗಟ್ಟಿ ಗುರಿಗಳನ್ನು ವಿರೋಧಿಸಿದ್ದೂ ಅವರೇ. ನಿಲುವು ಬದಲಾಗಿದ್ದು 1982ರಲ್ಲಿ, ಅವರದೇ ಕಾಡಿನ ಮರಗಳು ಒಣಗೋಕೆ ಶುರುವಾಗಿ, ಜನ ಬೀದಿಗೆ ಬಂದು, ಗ್ರೀನ್ಸ್ ಪಕ್ಷ ಬೆಳೀತಿದೆ ಅಂತ ಕಂಡಾಗ.

ಆಮೇಲೆ ನಡೆದದ್ದು ಇನ್ನೂ ಮುಖ್ಯ. 1983ರಲ್ಲಿ ಜರ್ಮನಿ ತನ್ನ ದೊಡ್ಡ ಸ್ಥಾವರಗಳಿಗೆ ಕಠಿಣ ನಿಯಮ ತಂದಿತು. ಗಂಧಕ ತೆಗೆಯೋ ಯಂತ್ರ ಹಾಕೋಕೆ ಕಂಪನಿಗಳಿಗೆ ಭಾರೀ ಖರ್ಚು. ಆಗ ಆ ಕಂಪನಿಗಳೇ ಕೇಳಿದ್ದು: ನಮಗೆ ಮಾತ್ರ ಯಾಕೆ, ಪಕ್ಕದ ದೇಶದವರಿಗೂ ಇದೇ ನಿಯಮ ಹಾಕಿಸಿ. ಅದೇ ವರ್ಷದ ಕೊನೆಗೆ ಯುರೋಪಿಯನ್ ಸಮುದಾಯದ (ಇಂದಿನ ಒಕ್ಕೂಟದ ಹಿಂದಿನ ರೂಪ) ಮುಂದೆ ಪ್ರಸ್ತಾಪ ಬಂತು. ಐದು ವರ್ಷ ಎಳೆದಾಡಿ 1988ರಲ್ಲಿ ನಿರ್ದೇಶನ, ಅಂದರೆ ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಕಾನೂನು, ಹೊರಬಿತ್ತು. ಸ್ವಂತ ಲಾಭನಷ್ಟದ ಲೆಕ್ಕ ಇಲ್ಲದೆ ಯಾವ ದೇಶವೂ ಪಕ್ಕದವರಿಗೋಸ್ಕರ ದುಡ್ಡು ಖರ್ಚು ಮಾಡಲ್ಲ.

ಮಾಪಕ:
@ಲೆಕ್ಕಪತ್ರ, ಸ್ವಹಿತ ಇರಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ 82ರಲ್ಲಿ ಜರ್ಮನಿ ಮನಸ್ಸು ಬದಲಾಯಿಸಿದಾಗ ಮೇಜಿನ ಮೇಲೆ ಅಂಕಿಅಂಶ ಸಿದ್ಧವಾಗಿತ್ತು. ಅದು ಇಲ್ಲದಿದ್ದರೆ ಮೊದಲಿನಿಂದ ಜಗಳ ಶುರು ಮಾಡಬೇಕಿತ್ತು. ಸ್ವಹಿತ ಯಾವಾಗ ತಿರುಗುತ್ತೆ ಅಂತ ಹೇಳೋಕಾಗಲ್ಲ, ತಿರುಗಿದಾಗ ಹಿಡಿದುಕೊಳ್ಳೋಕೆ ಏನಾದರೂ ಇರಬೇಕು.

ಬೇಲಿಹೂ:
ಒಂದು ಮೂಲಭೂತ ಪ್ರಶ್ನೆ. ಯುರೋಪಿನವರು ಒಕ್ಕೂಟ ಮಾಡಿದಾಗಿನಿಂದಲೇ ಪರಿಸರ ಅವರ ಕಾರ್ಯಸೂಚಿಯಲ್ಲಿ ಇತ್ತಲ್ವಾ? ಹಾಗಿದ್ದರೆ ಅವರಿಗೆ ಇದು ಸುಲಭ ಆಗಿರಬೇಕು.

ಹಳೇಗಡಿಯಾರ:
@ಬೇಲಿಹೂ, ಇರಲಿಲ್ಲ. ಒಕ್ಕೂಟಕ್ಕೆ ಬುನಾದಿಯಾದ 1957ರ ರೋಮ್ ಒಪ್ಪಂದದಲ್ಲಿ ಪರಿಸರ ಅನ್ನೋ ವಿಷಯವೇ ಇಲ್ಲ. ಅದು ಮಾರುಕಟ್ಟೆಯ ಒಪ್ಪಂದ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಆಯ್ತು. ಅದೇ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ನಾಯಕರು ಪರಿಸರ ಕಾರ್ಯಕ್ರಮ ಬೇಕು ಅಂದರು, 1973ರಲ್ಲಿ ಮೊದಲನೆಯದು ಬಂತು. ಆದರೆ ಕಾನೂನು ಮಾಡೋಕೆ ಅಧಿಕಾರ ಎಲ್ಲಿದೆ? ಒಂದು ದೇಶದಲ್ಲಿ ಒಂದು ನಿಯಮ, ಇನ್ನೊಂದರಲ್ಲಿ ಇನ್ನೊಂದು ಇದ್ದರೆ ವ್ಯಾಪಾರಕ್ಕೆ ಅಡ್ಡಿ ಅನ್ನೋ ಕಾರಣ ಕೊಟ್ಟು ಮಾರುಕಟ್ಟೆಯ ವಿಧಿಗಳ ಅಡಿಯಲ್ಲೇ ನೂರಕ್ಕೂ ಹೆಚ್ಚು ಪರಿಸರ ಕಾನೂನು ಮಾಡಿಬಿಟ್ಟರು. ಪ್ರತಿಯೊಂದಕ್ಕೂ ಸರ್ವಾನುಮತ ಬೇಕಿತ್ತು. 1979ರ ಕಾಡುಹಕ್ಕಿಗಳ ರಕ್ಷಣೆಯ ನಿರ್ದೇಶನವೂ ಹೀಗೇ ಬಂದದ್ದು, ವಲಸೆ ಹಕ್ಕಿಗೂ ಮಾರುಕಟ್ಟೆಗೂ ಏನು ಸಂಬಂಧ ಹೇಳಿ! ಪರಿಸರಕ್ಕೇ ಒಂದು ಅಧ್ಯಾಯ ಸಿಕ್ಕಿದ್ದು 1987ರಲ್ಲಿ ಜಾರಿಗೆ ಬಂದ ಏಕ ಯುರೋಪಿಯನ್ ಕಾಯಿದೆಯಿಂದ. ಬಹುಮತದಿಂದ ಹೆಚ್ಚಿನ ಪರಿಸರ ಕಾನೂನು ಮಾಡಬಹುದು ಅಂತ ಆದದ್ದು 1993ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದ ಜಾರಿಗೆ ಬಂದ ಮೇಲೆ.

ಬೇಲಿಹೂ:
ಓಹ್, ಇದು ಗೊತ್ತಿರಲಿಲ್ಲ. ಅಂದರೆ ಮೂವತ್ತು ವರ್ಷ ಪರಿಸರಕ್ಕೆ ಸ್ವಂತ ವಿಧಿ ಇಲ್ಲದೇನೇ ನಡೆಸಿದ್ರು. ಧನ್ಯವಾದ.

ಕಟಕಟೆ:
ಈಗ ಬಂತು ನೋಡಿ ವಿಷಯ. 1987ರ ನಂತರ ಯುರೋಪಿನಲ್ಲಿ ಕೆಲಸ ಮಾಡಿಸಿದ್ದು ಕೋರ್ಟೇ. ಎರಡು ಪ್ರಕರಣ ಹೇಳ್ತೀನಿ.

ಒಂದು, ಗ್ರೀಸ್. ಕ್ರೀಟ್ ದ್ವೀಪದ ಹನ್ಯಾ ಹತ್ತಿರ ಕುರುಪಿಟೋಸ್ ನದಿಯ ಕಣಿವೆಗೆ ಕಸ ಸುರೀತಿದ್ದರು, ವಿಷಕಾರಿ ತ್ಯಾಜ್ಯ ಸೇರಿಸಿ. 1992ರಲ್ಲಿ ಯುರೋಪಿಯನ್ ನ್ಯಾಯಾಲಯ ಇದು ತಪ್ಪು ಅಂತ ತೀರ್ಪು ಕೊಟ್ಟಿತು. ಗ್ರೀಸ್ ಸುಮ್ಮನಿತ್ತು. 2000ದ ಜುಲೈನಲ್ಲಿ ಅದೇ ನ್ಯಾಯಾಲಯ ದಿನಕ್ಕೆ 20,000 ಯೂರೋ ದಂಡ ಹಾಕಿತು. ಸದಸ್ಯ ದೇಶವೊಂದಕ್ಕೆ ಈ ರೀತಿ ದಂಡ ಬಿದ್ದದ್ದು ಅದೇ ಮೊದಲು. ಅದಾದ ಮೇಲೆ ಆ ಜಾಗ ಮುಚ್ಚಿತು.

ಎರಡು, ಟುರೂವ್. ಪೋಲೆಂಡಿನ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿ, ಜೆಕ್ ಗಡಿಗೆ ಅಂಟಿಕೊಂಡೇ ಇದೆ. ಗಣಿ ಆಳಕ್ಕೆ ಇಳಿದಷ್ಟೂ ನೀರು ಪಂಪ್ ಮಾಡಿ ಹೊರಗೆ ಹಾಕಬೇಕು. ಗಡಿಯ ಆಚೆ ಉಹೆಲ್ನಾ ಅನ್ನೋ ಹಳ್ಳಿಯವರು ನಮ್ಮ ಬಾವಿ ಒಣಗ್ತಿದೆ ಅಂದರು. ಜೆಕ್ ಸರ್ಕಾರ 2021ರಲ್ಲಿ ಕೋರ್ಟಿಗೆ ಹೋಯ್ತು. ಮೇನಲ್ಲಿ ಗಣಿ ನಿಲ್ಲಿಸಿ ಅಂತ ಮಧ್ಯಂತರ ಆದೇಶ, ಪೋಲೆಂಡ್ ನಿಲ್ಲಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ದಿನಕ್ಕೆ 5,00,000 ಯೂರೋ ದಂಡ. 2022ರ ಫೆಬ್ರವರಿಯಲ್ಲಿ ಎರಡೂ ದೇಶ ರಾಜಿ ಮಾಡಿಕೊಂಡವು, ಪೋಲೆಂಡ್ ಕಡೆಯಿಂದ 4.5 ಕೋಟಿ ಯೂರೋ, ನೆಲದಡಿ ನೀರು ತಡೆಯೋ ಗೋಡೆ, ಜಂಟಿ ಅಳತೆ. ಕೋರ್ಟಿಲ್ಲದಿದ್ದರೆ ಒಂದು ಹಳ್ಳಿಯ ಬಾವಿಯ ಮಾತನ್ನು ಯಾರು ಕೇಳ್ತಿದ್ದರು?

ಲೆಕ್ಕಪತ್ರ:
@ಕಟಕಟೆ, ಟುರೂವ್ ವಿಷಯದಲ್ಲಿ ಗಣಿ ನಿಲ್ಲಲಿಲ್ಲ ಅನ್ನೋದನ್ನೂ ಹೇಳಿ. ದಂಡದ ಹಣವನ್ನೂ ಪೋಲೆಂಡ್ ತಾನಾಗಿ ಕಟ್ಟಲಿಲ್ಲ, ಅದಕ್ಕೆ ಬರಬೇಕಿದ್ದ ಒಕ್ಕೂಟದ ಅನುದಾನದಿಂದ ಯುರೋಪಿಯನ್ ಆಯೋಗವೇ (ಒಕ್ಕೂಟದ ಆಡಳಿತ ಸಂಸ್ಥೆ) ಮುರಿದುಕೊಂಡಿತು. ಅನುದಾನ ಅನ್ನೋದು ಇದ್ದದ್ದರಿಂದ ವಸೂಲಿ ಆಯ್ತು. ಅಂದರೆ ಕೋರ್ಟಿನ ಹಿಂದೆ ಖಜಾನೆ ಇತ್ತು.

ಕಟಕಟೆ:
ಗಣಿ ನಿಲ್ಲಲಿಲ್ಲ, ಸರಿ. ಆದರೆ ಕೋರ್ಟಿನ ಆದೇಶಕ್ಕೇ ಬಗ್ಗದ ದೇಶ ದಂಡ ಬಿದ್ದ ಆರು ತಿಂಗಳೊಳಗೆ ಪರಿಹಾರ ಕೊಟ್ಟು ಗೋಡೆ ಕಟ್ಟೋಕೆ ಒಪ್ಪಿತು. ಹಳ್ಳಿಯವರಿಗೆ ಬೇಕಾದ್ದು ನೀರು.

ಬಾಟಲಿನೀರು:
ಮಾಪಕ ಅವರ ಮಾತಿಗೆ ನನ್ನ ಕೆಲಸದ ಅನುಭವ ಸೇರಿಸ್ತೀನಿ. ನೀರಿನ ಮಾದರಿ ಪರೀಕ್ಷೆ ಮಾಡೋ ಲ್ಯಾಬಿನಲ್ಲಿ ಬಹಳ ಕಾಲ ಇದ್ದವಳು ನಾನು. "ಒಂದೇ ವಿಧಾನದಲ್ಲಿ ಅಳೆದರು" ಅಂತ ಒಂದು ಸಾಲಲ್ಲಿ ಹೇಳಿದ್ದು ಎಷ್ಟು ಕಷ್ಟದ ಕೆಲಸ ಅಂತ ಹೊರಗಿನವರಿಗೆ ಗೊತ್ತಾಗಲ್ಲ.

ಒಂದೇ ಹೊಳೆಯಿಂದ, ಒಂದೇ ಹೊತ್ತಿಗೆ ಎರಡು ಬಾಟಲಿ ತುಂಬಿ. ಒಂದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ತನ್ನಿ, ಇನ್ನೊಂದು ಬಿಸಿಲಲ್ಲಿ ಜೀಪಿನ ಹಿಂದಿನ ಸೀಟಲ್ಲಿ ಎರಡು ದಿನ ಓಡಾಡಿ ಬರಲಿ. ನೈಟ್ರೇಟ್ ಸಂಖ್ಯೆ ಬೇರೆ ಬೇರೆ ಬರುತ್ತೆ, ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ಸುಮ್ಮನಿರಲ್ಲವಲ್ಲ. ಸೋಸಿದ ಮೇಲೆ ಅಳೆದರಾ, ಸೋಸದೇ ಅಳೆದರಾ ಅನ್ನೋದರ ಮೇಲೆ ಲೋಹದ ಸಂಖ್ಯೆ ಬದಲಾಗುತ್ತೆ. ಈಗ ಈ ಎರಡು ಬಾಟಲಿ ಎರಡು ದೇಶದ ಲ್ಯಾಬಿಗೆ ಹೋದರೆ? "ನಿಮ್ಮ ಲೆಕ್ಕ ಸುಳ್ಳು" ಅಂತ ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ ಹೇಳಬಹುದು.

ಅದಕ್ಕೇ ಒಂದೇ ಮಾದರಿಯನ್ನು ಹಲವು ಲ್ಯಾಬಿಗೆ ಕಳಿಸಿ, ಉತ್ತರ ಹೋಲಿಸಿ, ಯಾರ ಯಂತ್ರ ಎಲ್ಲಿ ತಪ್ಪುತ್ತಿದೆ ಅಂತ ಕಂಡುಹಿಡಿಯೋ ಪದ್ಧತಿ ಇದೆ. ಬೇಸರದ ಕೆಲಸ, ಯಾವ ಮಂತ್ರಿಯೂ ಅದರ ಉದ್ಘಾಟನೆಗೆ ಬರಲ್ಲ. ಆದರೆ ಈ ಕೆಲಸ ಆಗದೆ ಮಾಡಿದ ಒಪ್ಪಂದ ಮೊದಲ ತಕರಾರಿಗೇ ಬಿದ್ದುಹೋಗುತ್ತೆ.

ಮಾಪಕ:
@ಬಾಟಲಿನೀರು, ನಾನು ಹೇಳಬೇಕು ಅಂದುಕೊಂಡಿದ್ದು ಇದೇ ಮೇಡಂ, ನಿಮ್ಮಷ್ಟು ಸ್ಪಷ್ಟವಾಗಿ ಹೇಳೋಕೆ ಆಗ್ತಿರಲಿಲ್ಲ.

ಗಾಳಿಮರ:
ಅವಘಡ ಆಗಬೇಕು. ಅಷ್ಟೇ. ಆಗೋವರೆಗೂ ಯಾರೂ ಏಳಲ್ಲ. ರೈನ್ ನದಿ ನೋಡಿ.

ನದಿಪಾತ್ರ:
@ಗಾಳಿಮರ, ರೈನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ. ಅಲ್ಲಿ ನದಿ ಹರಿಯೋ ದೇಶಗಳ ಜಂಟಿ ಆಯೋಗ 1950ರಿಂದಲೇ ಇತ್ತಲ್ಲ?

ಗಾಳಿಮರ:
ಇತ್ತು, ಇದ್ದೂ ನದಿ ಚರಂಡಿ ಆಗಿತ್ತು. 1986 ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಷ್ವೈಟ್ಸರ್‌ಹಾಲೆಯಲ್ಲಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಆರಿಸೋಕೆ ಹಾಕಿದ ನೀರೇ ಟನ್‌ಗಟ್ಟಲೆ ಕೀಟನಾಶಕ ಹೊತ್ತು ನದಿಗೆ ಇಳೀತು. ಬಣ್ಣ ಬೆರೆತು ನದಿ ಕೆಂಪಾಯ್ತು. ಹಾವುಮೀನುಗಳು ಲಕ್ಷದ ಲೆಕ್ಕದಲ್ಲಿ ಸತ್ತವು. ಕೆಳಗಿನ ದೇಶಗಳಲ್ಲಿ ನದಿಯಿಂದ ಕುಡಿಯುವ ನೀರು ಎತ್ತೋದನ್ನು ನಿಲ್ಲಿಸಬೇಕಾಯ್ತು. ಒಂದು ವರ್ಷದೊಳಗೆ, 1987ರ ಅಕ್ಟೋಬರ್‌ನಲ್ಲಿ, ರೈನ್ ಕ್ರಿಯಾ ಕಾರ್ಯಕ್ರಮ ಒಪ್ಪಿಗೆ ಆಯ್ತು. 2000ದ ಹೊತ್ತಿಗೆ ಸಾಲ್ಮನ್ ಮೀನು ವಾಪಸ್ ಬರಬೇಕು ಅನ್ನೋದು ಗುರಿ. ಗುರಿ ಅಂದರೆ ಹೀಗಿರಬೇಕು, ಮಕ್ಕಳಿಗೂ ಅರ್ಥ ಆಗುತ್ತೆ. ಇಫೆಟ್ಸ್‌ಹೈಮ್ ಅಣೆಕಟ್ಟಿಗೆ ಮೀನು ಹತ್ತೋ ಮೆಟ್ಟಿಲು ಕಟ್ಟಿದರು, 2000ದಲ್ಲಿ ತೆರೆದರು, ಸಾಲ್ಮನ್ ಹತ್ತಿಯೂ ಹೋದವು.

ಹಳೇಗಡಿಯಾರ:
ಇಲ್ಲಿ ಕಟಕಟೆ ಅವರು ಯೋಚಿಸಬೇಕಾದ ವಿಷಯ ಒಂದಿದೆ. ರೈನ್‌ಗೆ ಅದಕ್ಕೂ ಮೊದಲೇ ಕಾನೂನುಬದ್ಧ ಒಪ್ಪಂದ ಇತ್ತು, 1976ರ ಕ್ಲೋರೈಡ್ ಒಪ್ಪಂದ. ಅಲ್ಸಾಸ್‌ನ (ಫ್ರಾನ್ಸಿನ ಪ್ರದೇಶ) ಪೊಟ್ಯಾಷ್ ಗಣಿಗಳು ಉಪ್ಪನ್ನು ನದಿಗೆ ಬಿಡ್ತಿದ್ದವು, ನೆದರ್ಲೆಂಡ್ಸಿನ ಸಸಿ ಬೆಳೆಯೋರು ಅದೇ ನೀರಿಂದ ನಷ್ಟ ಅನುಭವಿಸ್ತಿದ್ದರು. ಖರ್ಚು ಹಂಚಿಕೆ ಹೇಗೆ ಗೊತ್ತಾ? ಫ್ರಾನ್ಸ್ ಶೇ. 30, ಜರ್ಮನಿ 30, ಸ್ವಿಟ್ಜರ್ಲೆಂಡ್ 6, ನೆದರ್ಲೆಂಡ್ಸ್ 34. ಹೆಚ್ಚು ಕೊಡೋನು ನಷ್ಟಕ್ಕೆ ಒಳಗಾದವನೇ! ಅಷ್ಟಾದರೂ ಉಪ್ಪನ್ನು ನೆಲದಡಿ ತುಂಬೋ ಯೋಜನೆಗೆ ಅಲ್ಸಾಸ್ ಜನರೇ ವಿರೋಧ ಮಾಡಿದರು. 1979ರಲ್ಲಿ ಫ್ರಾನ್ಸ್ ಅನುಮೋದನೆಯಿಂದ ಹಿಂದೆ ಸರಿದಾಗ ನೆದರ್ಲೆಂಡ್ಸ್ ಪ್ಯಾರಿಸ್‌ನಿಂದ ತನ್ನ ರಾಯಭಾರಿಯನ್ನೇ ವಾಪಸ್ ಕರೆಸಿಕೊಂಡಿತು. ಒಪ್ಪಂದ ಜಾರಿಗೆ ಬಂದದ್ದು 1985ರಲ್ಲಿ. ಬಾಕಿ ಲೆಕ್ಕದ ಜಗಳ 2004ರಲ್ಲಿ ಪಂಚಾಯ್ತಿ ತೀರ್ಪಿನವರೆಗೂ ಹೋಯ್ತು.

1987ರ ಕ್ರಿಯಾ ಕಾರ್ಯಕ್ರಮ ಇದೆಯಲ್ಲ, ಅದು ಕಾನೂನುಬದ್ಧವೇ ಅಲ್ಲ. ಮಂತ್ರಿಗಳ ರಾಜಕೀಯ ಒಪ್ಪಿಗೆ ಅಷ್ಟೇ. ಕೆಲಸ ಮಾಡಿದ್ದು ಅದು.

ಕಟಕಟೆ:
ರೈನ್‌ನಲ್ಲೂ ಕೋರ್ಟ್ ಕೆಲಸ ಮಾಡಿದೆ ಸಾರ್. ನೀವೇ ಹೇಳಿದ ಉಪ್ಪಿನ ವಿಷಯದಲ್ಲಿ ನೆದರ್ಲೆಂಡ್ಸಿನ ನರ್ಸರಿಯೊಂದು ಗಣಿಯ ಮೇಲೆ ಕೇಸ್ ಹಾಕಿತ್ತು. ನಷ್ಟ ಆದ ಜಾಗದ ಕೋರ್ಟಲ್ಲೇ ದಾವೆ ಹೂಡಬಹುದು ಅಂತ 1976ರಲ್ಲಿ ಯುರೋಪಿಯನ್ ನ್ಯಾಯಾಲಯ ಹೇಳಿತು. ಅಂದರೆ ಕೆಳಗಿನ ರೈತ ಮೇಲಿನ ದೇಶಕ್ಕೆ ಹೋಗಿ, ಆ ಭಾಷೆಯಲ್ಲಿ, ಆ ವಕೀಲರನ್ನ ಹಿಡಿದು ಅಲೆಯಬೇಕಿಲ್ಲ. ಇದು ಸಣ್ಣ ವಿಷಯ ಅಲ್ಲ.

ಬೇಲಿಹೂ:
ಹೆಚ್ಚು ಕೊಟ್ಟವನು ನಷ್ಟ ಆದವನೇ ಅನ್ನೋದು ಓದಿ ಸಿಟ್ಟು ಬಂತು. ಕೆಡಿಸಿದವನೇ ಕೊಡಬೇಕು ಅನ್ನೋ ತತ್ವ ಎಲ್ಲಿ ಹೋಯ್ತು?

ಲೆಕ್ಕಪತ್ರ:
@ಬೇಲಿಹೂ, ಸಿಟ್ಟು ನ್ಯಾಯವಾದದ್ದೇ. ಆದರೆ ಮೇಲಿನ ದೇಶಕ್ಕೆ ಸುಮ್ಮನಿದ್ದರೆ ಏನೂ ನಷ್ಟ ಇಲ್ಲ. ಒತ್ತಾಯ ಮಾಡೋ ಶಕ್ತಿ ಇಲ್ಲದಾಗ ಕೆಳಗಿನವನು ದುಡ್ಡು ಕೊಟ್ಟಾದರೂ ನೀರು ಶುದ್ಧ ಮಾಡಿಸಿಕೊಳ್ತಾನೆ. ಒಕ್ಕೂಟದೊಳಗೆ ಇದನ್ನು ಬೇರೆ ಥರ ಬಗೆಹರಿಸಿದರು: 1994ರಲ್ಲಿ ಕೊಹೆಷನ್ ನಿಧಿ ಅಂತ ಮಾಡಿ ಸ್ಪೇನ್, ಪೋರ್ಚುಗಲ್, ಗ್ರೀಸ್, ಐರ್ಲೆಂಡ್‌ಗಳ ಪರಿಸರ ಮತ್ತು ಸಾರಿಗೆ ಕೆಲಸಕ್ಕೆ ದುಡ್ಡು ಕೊಟ್ಟರು. ಚರಂಡಿ ನೀರು ಶುದ್ಧ ಮಾಡೋ ಘಟಕ ಕಟ್ಟಿ ಅಂತ ಕಾನೂನು ಮಾಡಿದವರು ಕಟ್ಟೋಕೆ ಹಣವನ್ನೂ ಕೊಟ್ಟರು. 2004ರಲ್ಲಿ ಹತ್ತು ಹೊಸ ದೇಶಗಳು ಸೇರುವಾಗ ಪರಿಸರ ಕಾನೂನುಗಳನ್ನು ಒಟ್ಟಾರೆ ಒಪ್ಪಿಕೊಂಡೇ ಒಳಗೆ ಬರಬೇಕಿತ್ತು. ಸದಸ್ಯತ್ವದ ಆಸೆಗಿಂತ ದೊಡ್ಡ ಒತ್ತಡ ಇಲ್ಲ.

ತೆಂಗಿನಗರಿ:
ಅವಘಡ ಆದರೆ ಸಾಕು ಅನ್ನೋ ಗಾಳಿಮರ ಅವರ ಮಾತಿಗೆ ಬರ್ತೀನಿ. 1997-98ರಲ್ಲಿ ಇಂಡೋನೇಷ್ಯಾದ ಬೆಂಕಿಗಿಂತ ದೊಡ್ಡ ಅವಘಡ ಬೇಕಾ? ಸುಮಾತ್ರಾ, ಕಾಲಿಮಂತಾನ್‌ಗಳ ಪೀಟ್ ನೆಲ (ಪೂರ್ತಿ ಕೊಳೆಯದ ಗಿಡಮರಗಳ ಜೌಗು ನೆಲ) ತಿಂಗಳುಗಟ್ಟಲೆ ಉರೀತು. ಸಿಂಗಪುರ, ಮಲೇಷ್ಯಾ ಹೊಗೆಯಲ್ಲಿ ಮುಳುಗಿದವು. ಒಪ್ಪಂದ ಬಂದದ್ದು 2002ರಲ್ಲಿ. ಮುಖ್ಯವಾಗಿ ಯಾವ ದೇಶಕ್ಕೋಸ್ಕರ ಒಪ್ಪಂದ ಮಾಡಿದರೋ ಆ ಇಂಡೋನೇಷ್ಯಾ ಅನುಮೋದಿಸಿದ್ದು 2014ರಲ್ಲಿ, ಹತ್ತು ದೇಶಗಳಲ್ಲಿ ಕಟ್ಟಕಡೆಗೆ. ಮರುವರ್ಷವೇ ಮತ್ತೆ ಭೀಕರ ಹೊಗೆ. ಒಬ್ಬರ ಆಂತರಿಕ ವಿಷಯದಲ್ಲಿ ಇನ್ನೊಬ್ಬರು ತಲೆ ಹಾಕಬಾರದು, ಎಲ್ಲವೂ ಒಮ್ಮತದಿಂದಲೇ ಆಗಬೇಕು ಅನ್ನೋದು ಆಸಿಯಾನ್ ಪದ್ಧತಿ. ಆ ಪದ್ಧತಿಯಲ್ಲಿ ತಪ್ಪಿದವರನ್ನು ಕೇಳೋರು ಯಾರು?

ಕಟಕಟೆ:
ಅದನ್ನೇ ನಾನು ಮೊದಲ ಸಾಲಲ್ಲಿ ಹೇಳಿದ್ದು.

ಪೀಟ್‌ಮಣ್ಣು:
ಇಂಡೋನೇಷ್ಯಾವನ್ನು ಖಳನಾಯಕ ಮಾಡೋ ಮೊದಲು ಸ್ವಲ್ಪ ತಾಳ್ಮೆಯಿಂದ ಕೇಳಿ. ಪೀಟ್ ಅಂದರೆ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ನೀರಲ್ಲಿ ನೆಂದು ಕೂತ ಎಲೆ, ಬೇರು, ಮರ. ಒದ್ದೆ ಇರೋವರೆಗೂ ಸುಲಭಕ್ಕೆ ಉರಿಯಲ್ಲ. ತಾಳೆ ತೋಟಕ್ಕೂ ಕಾಗದದ ಮರಕ್ಕೂ ಕಾಲುವೆ ಕಡಿದು ನೀರು ಬಸಿದರೆ ಮೇಲಿನ ಪದರ ಒಣಗುತ್ತೆ. ಆಮೇಲೆ ಬಿದ್ದ ಕಿಡಿ ನೆಲದೊಳಗೇ ಹೊಗೆಯಾಡುತ್ತಾ ಇರುತ್ತೆ, ಮೇಲಿಂದ ನೀರು ಹಾಕಿದರೂ ಆರಲ್ಲ, ಮಳೆಗಾಲವೇ ಬರಬೇಕು. ಆ ತೋಟಗಳಲ್ಲಿ ಮಲೇಷ್ಯಾ, ಸಿಂಗಪುರ ಮೂಲದ ಬಂಡವಾಳವೂ ಇದೆ. ಮೊದಲು ಉಸಿರುಕಟ್ಟೋದು ಸುಮಾತ್ರಾದ ರಿಯಾವು, ಕಾಲಿಮಂತಾನ್‌ನ ಜನಕ್ಕೇ. ಲಾಭ ಗಡಿಯ ಆಚೆ ಹೋಗುವಾಗ ಕೇಳದವರು ಹೊಗೆ ಬಂದಾಗ ಮಾತ್ರ ಕೇಳ್ತಾರೆ ಅನ್ನೋದು ಅವರ ವಾದ. ಅದರಲ್ಲಿ ಹುರುಳಿದೆ.

ಅದಕ್ಕೇ ಸಿಂಗಪುರ 2014ರಲ್ಲಿ ಮಾಡಿದ ಕಾನೂನು ನನಗೆ ಆಸಕ್ತಿಕರ ಅನ್ನಿಸೋದು. ಅದು ದೇಶವನ್ನು ಕೇಳಲ್ಲ, ಕಂಪನಿಯನ್ನು ಕೇಳುತ್ತೆ. ಹೊರಗಡೆ ಬೆಂಕಿ ಹಚ್ಚಿ ಸಿಂಗಪುರಕ್ಕೆ ಹೊಗೆ ತಂದ ಸಂಸ್ಥೆ ಎಲ್ಲಿಯದೇ ಆಗಿರಲಿ, ಅದರ ಮೇಲೆ ಕ್ರಮ ತೆಗೆದುಕೊಳ್ಳಬಹುದು. ಆದರೆ ಯಾವ ಜಮೀನು ಯಾವ ಕಂಪನಿಗೆ ಸೇರಿದ್ದು ಅನ್ನೋ ನಕ್ಷೆ ಬೇಕಲ್ಲ? ಉಪಗ್ರಹ ಬೆಂಕಿಯ ಚುಕ್ಕಿ ತೋರಿಸುತ್ತೆ, ಅದರ ಕೆಳಗೆ ಯಾರ ಹೆಸರಿದೆ ಅಂತ ತೋರಿಸಲ್ಲ. ಆ ನಕ್ಷೆ ಹಂಚಿಕೊಳ್ಳೋದರಲ್ಲೇ ವರ್ಷಗಟ್ಟಲೆ ತಕರಾರು.

ಮಾಪಕ:
ಮತ್ತೆ ಬಂದು ನಿಂತದ್ದು ಹಂಚಿಕೊಂಡ ಮಾಹಿತಿಗೇ.

ಷೂಲೇಸು:
ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ. ಮಾಹಿತಿ ಹಂಚಿಕೊಳ್ಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಚೆರ್ನೋಬಿಲ್ ಉದಾಹರಣೆ. 1986 ಏಪ್ರಿಲ್ 26ಕ್ಕೆ ಸ್ಫೋಟ. ಸೋವಿಯತ್ ಒಕ್ಕೂಟ ಬಾಯಿ ಬಿಡಲಿಲ್ಲ. 28ರ ಬೆಳಗ್ಗೆ ಸುಮಾರು 1,100 ಕಿ.ಮೀ. ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುಸ್ಥಾವರದಲ್ಲಿ ಒಬ್ಬ ನೌಕರ ವಿಕಿರಣ ಪತ್ತೆ ಯಂತ್ರದ ಮುಂದೆ ನಿಂತಾಗ ಅಲಾರಂ ಹೊಡೀತು. ಅವನ ಷೂಗೆ ಅಂಟಿತ್ತು. ಮೊದಲು ತಮ್ಮ ಸ್ಥಾವರದ್ದೇ ಸೋರಿಕೆ ಅಂದುಕೊಂಡರು, ಆಮೇಲೆ ನೋಡಿದರೆ ಹೊರಗಿನ ಹುಲ್ಲಿನ ಮೇಲೇ ವಿಕಿರಣ. ಜಗತ್ತಿಗೆ ವಿಷಯ ಗೊತ್ತಾದದ್ದು ಹಾಗೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಣು ಅವಘಡ ಆದರೆ ತಕ್ಷಣ ತಿಳಿಸಬೇಕು ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಸಿದ್ಧ. ಅಕ್ಟೋಬರ್‌ಗೆ ಜಾರಿ. ಇಷ್ಟು ಬೇಗ ಜಾರಿಗೆ ಬಂದ ಪರಿಸರ ಸಂಬಂಧದ ಒಪ್ಪಂದ ಬೇರೆ ಯಾವುದಾದರೂ ಇದೆಯಾ?

ಗಾಳಿಮರ:
ಅದನ್ನೇ ನಾನೂ ಹೇಳ್ತಿರೋದು. ಅವಘಡ!

ತೆಂಗಿನಗರಿ:
ಅವಘಡ ಆದ ಮೇಲೂ ಹೊಗೆ ನಿಲ್ಲಲಿಲ್ಲ ಅಂತ ಈಗಷ್ಟೇ ಬರೆದೆ. ದಯವಿಟ್ಟು ಓದಿ.

ನಿರ್ವಾಹಕ:
ಅಣುಸ್ಥಾವರ ಬೇಕಾ ಬೇಡವಾ ಅನ್ನೋ ಚರ್ಚೆ ಬೇರೆ ಎಳೆಯಲ್ಲಿ ಮಾಡೋಣ. ಗಡಿ ದಾಟುವ ನೀತಿಯ ಬಗ್ಗೆಯೇ ಮುಂದುವರಿಯಲಿ. ಆ ಕುರಿತ ಮೂರು ಸಂದೇಶಗಳನ್ನು ಅಲ್ಲಿಗೆ ಸಾಗಿಸಿದ್ದೇನೆ.

ನದಿಪಾತ್ರ:
ದಕ್ಷಿಣ ಏಷ್ಯಾ ಬಗ್ಗೆ ಯಾರೂ ಬರೆಯಲಿಲ್ಲ. ಮಾಲೆ ಘೋಷಣೆಗೆ ಏನಾಯ್ತು?

ಹಳೇಗಡಿಯಾರ:
ಮಾಲೆ ಘೋಷಣೆಯ ಪಠ್ಯ ಒಳ್ಳೆಯದೇ. ಎಂಟು ದೇಶಗಳು ಗಡಿ ದಾಟುವ ವಾಯುಮಾಲಿನ್ಯವನ್ನು ಒಟ್ಟಾಗಿ ಅಧ್ಯಯನ ಮಾಡ್ತೀವಿ, ಅಳೀತೀವಿ ಅಂತ ಒಪ್ಪಿದವು. ಅಳತೆ ಕೇಂದ್ರಗಳೂ ಆದವು, ತರಬೇತಿಯೂ ನಡೀತು. ಆದರೆ ಅದು ಘೋಷಣೆ, ಒಪ್ಪಂದ ಅಲ್ಲ. ಕಡಿತದ ಸಂಖ್ಯೆ ಇಲ್ಲ, ಕಾನೂನಿನ ಬಲ ಇಲ್ಲ, ಖರ್ಚು ಯಾರದು ಅನ್ನೋ ಖಾಯಂ ವ್ಯವಸ್ಥೆಯೂ ಗಟ್ಟಿಯಾಗಲಿಲ್ಲ. 1982ರಲ್ಲೇ ಕೊಲಂಬೋದಲ್ಲಿ ದಕ್ಷಿಣ ಏಷ್ಯಾ ಸಹಕಾರಿ ಪರಿಸರ ಕಾರ್ಯಕ್ರಮ ಅನ್ನೋ ಸಂಸ್ಥೆ ಶುರುವಾಗಿದೆ, 2010ರಲ್ಲಿ ಥಿಂಪುವಿನಲ್ಲಿ ಸಾರ್ಕ್ ದೇಶಗಳು ಪರಿಸರ ಸಹಕಾರದ ಒಪ್ಪಂದಕ್ಕೆ ಸಹಿಯನ್ನೂ ಹಾಕಿವೆ. ಸಂಸ್ಥೆಗಳ ಕೊರತೆ ಇಲ್ಲ. ಸಿಂಧೂ-ಗಂಗಾ ಬಯಲಿನ ಗಾಳಿ ಪಾಕಿಸ್ತಾನ, ಭಾರತ, ನೇಪಾಳ, ಬಾಂಗ್ಲಾದೇಶ ಎಲ್ಲಕ್ಕೂ ಒಂದೇ, ಚಳಿಗಾಲದ ಮಂಜುಹೊಗೆ ಅವರೆಲ್ಲರ ಮೇಲೂ ಕೂರುತ್ತೆ. ಆದರೆ ನಿಮ್ಮ ಹೊಗೆ ನಮ್ಮ ಕಡೆ ಬಂತು ಅನ್ನೋ ಮಾತು ಎರಡೂ ಕಡೆ ಟಿವಿಯಲ್ಲಿ ನಡೆಯುತ್ತೆ, ಎರಡೂ ಕಡೆಯ ವಿಜ್ಞಾನಿಗಳು ಸಹಿ ಹಾಕಿದ ಒಂದು ಲೆಕ್ಕ ಮೇಜಿನ ಮೇಲಿಲ್ಲ.

ತೆಂಗಿನಗರಿ:
ಪರಸ್ಪರ ನಂಬಿಕೆ ಇಲ್ಲದ ದೇಶಗಳ ನಡುವೆ ಇದು ಸಾಧ್ಯವೇ ಇಲ್ಲ ಬಿಡಿ. ಯುರೋಪಿನವರು ಸ್ನೇಹಿತರು, ಅವರಿಗೆ ಆಯ್ತು.

ಮಾಪಕ:
@ತೆಂಗಿನಗರಿ, 1979ರಲ್ಲಿ ಯುರೋಪ್ ಎರಡು ಹೋಳಾಗಿತ್ತು, ಒಬ್ಬರ ಮೇಲೊಬ್ಬರು ಕ್ಷಿಪಣಿ ಗುರಿ ಇಟ್ಟುಕೊಂಡು ಕೂತಿದ್ದರು! ಆ ಒಪ್ಪಂದದ ಮಾತುಕತೆಗೆ ದಾರಿಯಾದದ್ದೇ ಸೋವಿಯತ್ ನಾಯಕ ಬ್ರೆಜ್ನೆವ್ 1975ರಲ್ಲಿ ಮಾಡಿದ ಪ್ರಸ್ತಾಪ. ಪರಿಸರ, ಇಂಧನ, ಸಾರಿಗೆಯ ಬಗ್ಗೆ ಇಡೀ ಯುರೋಪಿನ ಸಮ್ಮೇಳನ ಮಾಡೋಣ ಅಂದರು. ಮಾತಾಡೋಕೆ ಒಂದು ನಿರಪಾಯದ ವಿಷಯ ಬೇಕಿತ್ತು, ಪರಿಸರ ಸಿಕ್ಕಿತು. ಬಾಲ್ಟಿಕ್ ಸಮುದ್ರದ ಹೆಲ್ಸಿಂಕಿ ಒಪ್ಪಂದ ಕೂಡ 1974ರದು, ಎರಡೂ ಬಣದ ದೇಶಗಳು ಅದರಲ್ಲಿದ್ದವು. 1985ರ ಗಂಧಕ ಪ್ರೋಟೋಕಾಲ್‌ನಲ್ಲಿ ಒಟ್ಟು ಹೊರಬಿಡೋದನ್ನಾಗಲಿ, ಗಡಿ ದಾಟಿ ಹೋಗೋ ಪ್ರಮಾಣವನ್ನಾಗಲಿ ಶೇಕಡಾ 30 ಇಳಿಸಬಹುದು ಅಂತ ಆಯ್ಕೆ ಇಟ್ಟದ್ದು ಸೋವಿಯತ್ ಒಕ್ಕೂಟವನ್ನು ಒಳಗೆ ಉಳಿಸಿಕೊಳ್ಳೋಕೆ. ಅಷ್ಟು ದೊಡ್ಡ ದೇಶಕ್ಕೆ ಪಶ್ಚಿಮ ಗಡಿ ಹತ್ತಿರದ ಸ್ಥಾವರಗಳನ್ನು ಮಾತ್ರ ಸರಿಮಾಡಿಕೊಳ್ಳೋ ಅವಕಾಶ.

1994ರ ಓಸ್ಲೋ ಪ್ರೋಟೋಕಾಲ್ ಇನ್ನೂ ಮುಂದೆ ಹೋಯ್ತು. ಎಲ್ಲರಿಗೂ ಒಂದೇ ಶೇಕಡಾವಾರು ಅನ್ನೋದನ್ನು ಬಿಟ್ಟು, ಯಾವ ನೆಲ ಎಷ್ಟು ಆಮ್ಲ ತಡೆದುಕೊಳ್ಳುತ್ತೆ, ಯಾವ ದೇಶದಲ್ಲಿ ಒಂದು ಟನ್ ಕಡಿಮೆ ಮಾಡೋಕೆ ಖರ್ಚೆಷ್ಟು ಅಂತ ಲೆಕ್ಕ ಹಾಕಿ ದೇಶಕ್ಕೊಂದು ಗುರಿ ಕೊಟ್ಟರು. ಆ ಲೆಕ್ಕದ ಮಾದರಿ ತಯಾರಾದದ್ದು ಆಸ್ಟ್ರಿಯಾದ ಲಾಕ್ಸೆನ್‌ಬರ್ಗ್‌ನಲ್ಲಿ, 1972ರಲ್ಲಿ ಅಮೆರಿಕ, ಸೋವಿಯತ್ ಎರಡೂ ಸೇರಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ. ಯಾರ ಮನೆಯದೂ ಅಲ್ಲದ ಲೆಕ್ಕ. ನಂಬಿಕೆ ಮೊದಲು, ಅಳತೆ ಆಮೇಲೆ ಅನ್ನೋದು ಉಲ್ಟಾ. ಅಳೆದೂ ಅಳೆದೂ ನಂಬಿಕೆ ಬಂತು.

ನಡಾವಳಿ:
ಇಷ್ಟು ಹೊತ್ತು ಓದ್ತಿದ್ದೆ, ಈಗ ಬರೀತೀನಿ. ಜಂಟಿ ಸಮಿತಿಗಳ ಸಭೆಯ ನಡಾವಳಿ ಬರೆಯೋ ಕೆಲಸ ಮಾಡಿದವನು ನಾನು. ಒಂದೇ ಹೊಳೆಯ ಎರಡು ದಡದ ಅಧಿಕಾರಿಗಳು ಕೂತಾಗ ಜಗಳ ಆಗೋದು ನದಿಯ ಬಗ್ಗೆ ಅಲ್ಲ. ಕರಡಿನಲ್ಲಿ "ಮಾಹಿತಿ ಕೊಡತಕ್ಕದ್ದು" ಅಂತ ಇದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ಅದು "ಕೊಡಲು ಪ್ರಯತ್ನಿಸುವುದು" ಆಗಿರುತ್ತೆ, ಸಂಜೆಗೆ "ಸೂಕ್ತವೆಂದು ಕಂಡಲ್ಲಿ ಪರಿಶೀಲಿಸುವುದು". ಆದರೆ ಅದೇ ಸಭೆಯ ಕಾಫಿ ವಿರಾಮದಲ್ಲಿ ಎರಡು ಕಡೆಯ ಎಂಜಿನಿಯರುಗಳು ಫೋನ್ ನಂಬರ್ ಬದಲಾಯಿಸಿಕೊಂಡಿರ್ತಾರೆ. ಮೇಲಿನವರು ಗೇಟು ತೆಗೆಯೋ ಮೊದಲು ಕೆಳಗಿನವರಿಗೆ ಕರೆ ಹೋಗುತ್ತೆ. ಒಪ್ಪಂದದಲ್ಲಿ ಎಲ್ಲೂ ಬರೆದಿಲ್ಲ. ಒಬ್ಬರು ವರ್ಗ ಆದರೆ ಆ ಕರೆಯೂ ನಿಲ್ಲುತ್ತೆ. ಅದಕ್ಕೇ ಬರಹದಲ್ಲಿ ಇರಲೇಬೇಕು ಅನ್ನೋದು ನನ್ನ ವಾದ.

ಕಟಕಟೆ:
@ನಡಾವಳಿ, ನೂರಕ್ಕೆ ನೂರು. ತಿಳಿಸೋದನ್ನು ಕರ್ತವ್ಯ ಮಾಡಿದ ಒಪ್ಪಂದ ಇದೆ, 1991ರ ಎಸ್ಪೋ ಒಪ್ಪಂದ. ಗಡಿ ಹತ್ತಿರ ದೊಡ್ಡ ಯೋಜನೆ ಮಾಡೋ ಮುಂಚೆ ಪಕ್ಕದ ದೇಶಕ್ಕೆ ತಿಳಿಸಬೇಕು, ಪರಿಸರ ಪರಿಣಾಮದ ವರದಿ ಕೊಡಬೇಕು, ಅಲ್ಲಿನ ಜನರ ಅಹವಾಲೂ ಕೇಳಬೇಕು. ಯೋಜನೆ ನಿಲ್ಲಿಸೋ ಹಕ್ಕು ಪಕ್ಕದವರಿಗೆ ಸಿಗಲ್ಲ, ಕೇಳಿಸೋ ಹಕ್ಕು ಸಿಗುತ್ತೆ.

ಇನ್ನೊಂದು ಹಳೇದು ನೆನಪಾಯ್ತು, ಟ್ರೇಲ್. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಲೋಹ ಕರಗಿಸೋ ಕಾರ್ಖಾನೆ, ಹೊಗೆ ಕಣಿವೆ ಗುಂಟ ಇಳಿದು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೈತರ ಬೆಳೆ ಸುಡ್ತಿತ್ತು. 1935ರಲ್ಲಿ ಎರಡೂ ದೇಶ ಮಧ್ಯಸ್ಥಿಕೆಗೆ ಒಪ್ಪಿದವು. 1938 ಮತ್ತು 1941ರಲ್ಲಿ ತೀರ್ಪು. ತನ್ನ ನೆಲದಿಂದ ಹೊಗೆ ಬಿಟ್ಟು ಇನ್ನೊಂದು ದೇಶಕ್ಕೆ ಗಂಭೀರ ಹಾನಿ ಮಾಡೋ ಹಕ್ಕು ಯಾವ ದೇಶಕ್ಕೂ ಇಲ್ಲ ಅನ್ನೋ ತತ್ವ ಬಂದದ್ದು ಅಲ್ಲಿಂದ.

ಲೆಕ್ಕಪತ್ರ:
ಟ್ರೇಲ್‌ನಲ್ಲಿ ನ್ಯಾಯಮಂಡಳಿ ಮಧ್ಯಂತರವಾಗಿ ವಿಜ್ಞಾನಿಗಳನ್ನು ನೇಮಿಸಿ ಹೊಗೆ ಅಳೆಸಿತು, ಆಮೇಲಷ್ಟೇ ಅಂತಿಮ ತೀರ್ಪು ಕೊಟ್ಟಿತು. 38ಕ್ಕೂ 41ಕ್ಕೂ ನಡುವೆ ನಡೆದದ್ದು ಅದೇ. ಕೋರ್ಟಿಗೂ ಅಳತೆ ಬೇಕಾಯ್ತು.

ಬೇಲಿಹೂ:
ಸಾಮಾನ್ಯ ಜನ ಪಕ್ಕದ ದೇಶದ ಮೇಲೆ ದೂರು ಕೊಡೋಕೆ ಎಲ್ಲಾದರೂ ಅವಕಾಶ ಇದೆಯಾ? ಸರ್ಕಾರದ ಮೂಲಕ ಹೋಗದೆ?

ಕಟಕಟೆ:
ಇದೆ. 1998ರ ಆರ್ಹುಸ್ ಒಪ್ಪಂದದ ಪಾಲನಾ ಸಮಿತಿಗೆ ವ್ಯಕ್ತಿಗಳೂ ಸಂಘಗಳೂ ನೇರವಾಗಿ ದೂರು ಕೊಡಬಹುದು, ನಿಮ್ಮ ಪೌರತ್ವ ಯಾವುದು ಅನ್ನೋದು ಅಡ್ಡ ಬರಲ್ಲ. ಆದರೆ ದೂರು ಮಾಹಿತಿಯ ಹಕ್ಕು, ಭಾಗವಹಿಸೋ ಹಕ್ಕು, ಕೋರ್ಟಿಗೆ ಹೋಗೋ ಹಕ್ಕು ಇವುಗಳ ಬಗ್ಗೆ ಇರಬೇಕು. ಉತ್ತರ ಅಮೆರಿಕದಲ್ಲಿ ಮೆಕ್ಸಿಕೋ, ಅಮೆರಿಕ, ಕೆನಡಾ ಸೇರಿ ಮಾಡಿದ ಪರಿಸರ ಸಹಕಾರ ಆಯೋಗ ಮಾಂಟ್ರಿಯಲ್‌ನಲ್ಲಿದೆ. ನಿಮ್ಮ ಸರ್ಕಾರ ತನ್ನದೇ ಪರಿಸರ ಕಾನೂನು ಜಾರಿ ಮಾಡ್ತಿಲ್ಲ ಅಂತ ಅಲ್ಲಿಗೆ ಬರೀಬಹುದು.

ತೆಂಗಿನಗರಿ:
ಬರೆದರೆ ಏನು ಮಾಡ್ತಾರೆ?

ಕಟಕಟೆ:
ವಾಸ್ತವಾಂಶಗಳ ದಾಖಲೆ ತಯಾರು ಮಾಡಿ ಪ್ರಕಟಿಸ್ತಾರೆ. ದಂಡ ಇಲ್ಲ. ಅದು ಸಾಲದು ಅನ್ನೋದು ನನ್ನ ನಿಲುವು, ಮಾಪಕ ಅವರು ಅದೇ ದೊಡ್ಡದು ಅಂತಾರೆ.

ಮಾಪಕ:
ದೊಡ್ಡದೇ. ಆ ದಾಖಲೆ ಸರ್ಕಾರ ಬರೆದದ್ದಲ್ಲ, ದೂರುದಾರ ಬರೆದದ್ದೂ ಅಲ್ಲ. ಮುಂದೆ ಯಾವ ಕೋರ್ಟಿಗೆ ಹೋದರೂ, ಯಾವ ಮಾತುಕತೆಗೆ ಕೂತರೂ ಅದನ್ನು ತೆಗೆದು ಇಡಬಹುದು.

ನದಿಪಾತ್ರ:
@ನಡಾವಳಿ, @ಬಾಟಲಿನೀರು, ನಿಮ್ಮಿಬ್ಬರಿಗೂ ಒಂದು ಪ್ರಶ್ನೆ. ದೊಡ್ಡ ಒಪ್ಪಂದ ಬರೋವರೆಗೂ ಕಾಯದೆ ಎರಡು ದೇಶದ ಲ್ಯಾಬುಗಳು ತಾವಾಗಿಯೇ ಮಾದರಿ ಬದಲಾಯಿಸಿಕೊಂಡು ಪರೀಕ್ಷೆ ಶುರು ಮಾಡಬಹುದಾ? ಅನುಮತಿ ಯಾರದು ಬೇಕು?

ಬಾಟಲಿನೀರು:
ತಾಂತ್ರಿಕವಾಗಿ ಏನೂ ಕಷ್ಟ ಇಲ್ಲ. ಗೊತ್ತಿರೋ ಪ್ರಮಾಣದಲ್ಲಿ ನೈಟ್ರೇಟೋ ಸಲ್ಫೇಟೋ ಬೆರೆಸಿದ ದ್ರಾವಣವನ್ನು ಮೂರನೆಯವರು ತಯಾರಿಸಿ ಎಲ್ಲರಿಗೂ ಕಳಿಸಿದರೆ ಸಾಕು. ಅದು ಯಾವ ದೇಶದ ನದಿಯ ನೀರೂ ಅಲ್ಲ, ಹಾಗಾಗಿ ರಹಸ್ಯ ಅನ್ನೋ ಮಾತೇ ಬರಲ್ಲ. ಮೊದಲು ಲ್ಯಾಬುಗಳ ಉತ್ತರ ಹೊಂದಲಿ, ನದಿಯ ನೀರಿನ ವಿಷಯ ಆಮೇಲೆ.

ನಡಾವಳಿ:
ಅಂಥ ಬಾಟಲಿಗೆ ಮಂತ್ರಿಮಟ್ಟದ ಅನುಮತಿ ಬೇಕಾಗಲ್ಲ, ಇಲಾಖೆ ಮುಖ್ಯಸ್ಥರ ಪತ್ರ ಸಾಕಾಗಬಹುದು. ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳದ ಹಾಗೆ ಕಾಗದಪತ್ರ ಮಾತ್ರ ಮೊದಲೇ ಸರಿಯಾಗಿ ಮಾಡಿಸಿಕೊಳ್ಳಿ.